ಪಂಪ್‌ಹೌಸಿನ ಡಬ್ಬಿ

ನವೆಂಬರ್ ೩, ಬೆಳಿಗ್ಗೆ

ಇದನ್ನು ಬರೆಯದೇ ಬಿಡುವವಳಿದ್ದೆ. ಆದರೆ ಇಲ್ಲೂ ಸುಳ್ಳು ಹೇಳಿದರೆ ಇನ್ನೆಲ್ಲಿ...

ನಿನ್ನೆ ಪಂಪ್‌ಹೌಸಿಗೆ ನಾನು ಹೋಗಲೇ ಇಲ್ಲ. ಹಾಸಿಗೆಯಲ್ಲಿ ಕೂತೇ ಫೋನಿನಲ್ಲಿ ಬರೆದೆ: "ಹೋಗಿ ನೋಡಿ ಬಂದೆ. ಡಬ್ಬಿ ಗೋಡೆಯ ಸಂದಿಯಲ್ಲಿ ಭದ್ರವಾಗಿದೆ." ಹುಡುಕಲು ಹೋದ ಯಾರೋ ಇಬ್ಬರು ಸಿಗಲಿಲ್ಲ ಎಂದಿದ್ದರು. ಡಬ್ಬಿ ಇಟ್ಟ ಓನರ್ ನೋಡಿಕೊಳ್ಳದಿದ್ದರೆ ಆಟದಿಂದ ತೆಗೆದುಹಾಕುತ್ತೇವೆ ಎಂದು ವೆಬ್‌ಸೈಟಿನವರ ಮೇಲ್ ಬೇರೆ.

"ನಿನ್ನ ಜಿಯೋಕ್ಯಾಶ್ ಆಟಾನಾ?" ಇವರು ಕೇಳಿದರು. "ಡಬ್ಬಿ ಬಚ್ಚಿಡೋದೂ ನೀನೇ, ಮ್ಯಾಪಿನಲ್ಲಿ ಊರಿಗೆಲ್ಲ ಗುರುತು ಹೇಳೋದೂ ನೀನೇ. ಮೇಲೆ ಕಾವಲು ಬೇರೆ!"

ನಕ್ಕೆ.

ನವೆಂಬರ್ ೯

ವೆಬ್‌ಸೈಟಿನಲ್ಲಿ ಹೊಸ ಲಾಗ್, ಹುಡುಕಿ ಬಂದವರ ಟಿಪ್ಪಣಿ. ಬರೆದವರು ನಿವೃತ್ತ ನರ್ಸ್, ಡಬ್ಬಿ ಹುಡುಕುವ ನಮ್ಮ ಬಳಗಕ್ಕೆಲ್ಲ "ಸಿಸ್ಟರ್ ಆಂಟಿ". ನನ್ನ ಡಬ್ಬಿಯನ್ನು ಎಲ್ಲರಿಗಿಂತ ಮೊದಲು ಕಂಡುಹಿಡಿದವರು. ಈ ಸಲ ಮಗಳಿಗೆ ತೋರಿಸಲು ಕರೆದೊಯ್ದಿದ್ದರಂತೆ.

"ಸಿಗಲಿಲ್ಲ. ಸಂದಿಯೂ ಕಾಣಲಿಲ್ಲ. ಓನರ್ ಮೊನ್ನೆ ತಾನೇ ನೋಡಿದ್ದಾರೆ, ಅಂದಮೇಲೆ ತಪ್ಪು ನನ್ನದೇ. ವಯಸ್ಸಾಯಿತು."

ಪಕ್ಕದಲ್ಲಿ ನಗುವ ಮುಖ. ಫೋನ್ ಮಗುಚಿಟ್ಟೆ.

ನವೆಂಬರ್ ೧೫, ಸಂಜೆ

ಔಷಧಿ ಅಂಗಡಿಯಲ್ಲಿ ಸಿಸ್ಟರ್ ಆಂಟಿ, ಮಗಳ ಜೊತೆ.

"ನೀನೇ ಹೇಳಮ್ಮ. ಪಂಪ್‌ಹೌಸಿನ ಹಿಂದಿನ ಗೋಡೆ ತಾನೇ? ಮೊಣಕಾಲೆತ್ತರಕ್ಕೆ ಸಂದಿ?"

"ಹೌದು ಆಂಟಿ."

"ನೋಡಿದ್ಯಾ!" ಮಗಳ ಕಡೆ ತಿರುಗಿದರು.

"ಅಮ್ಮಾ, ಅಲ್ಲಿ ಬರೀ ಗೋಡೆ ಇತ್ತು. ನೀನು ಸುಮ್ಮನೆ ಅದನ್ನ ಸವರ್ತಾ ಕೂತಿದ್ದೆ." ಆಮೇಲೆ ನನ್ನ ಹತ್ತಿರ, ದನಿ ತಗ್ಗಿಸಿ: "ಒಂದ್ಸಲ ಗ್ಯಾಸ್ ಆರಿಸೋದೂ ಮರೆತಿದ್ರು. ಬರೋ ಇಪ್ಪತ್ತಕ್ಕೆ ನೆನಪಿನ ಡಾಕ್ಟರ ಹತ್ರ ಕರ್ಕೊಂಡು ಹೋಗ್ತೀನಿ. ಅಲ್ಲೀವರೆಗೂ ಒಬ್ಬರನ್ನೇ ಹೊರಗೆ ಬಿಡಲ್ಲ."

"ನನ್ನ ಕಿವಿ ಚೆನ್ನಾಗಿದೆ ಕಣೇ," ಆಂಟಿ ಅಂದರು. "ಹೋಗಿರೋದು ನೆನಪು ಮಾತ್ರ."

ನಾನೂ ನಕ್ಕೆ. ಅಲ್ಲೇ ಹೇಳಬಹುದಿತ್ತು. ಮಾತ್ರೆ ತೆಗೆದುಕೊಂಡು ಮನೆಗೆ ಬಂದೆ.

ನವೆಂಬರ್ ೧೬

ಹೋದೆ. ಕೊನೆಗೂ.

ಸಂದಿ ಇಲ್ಲ. ಸಿಮೆಂಟು ಮೆತ್ತಿ ಬಣ್ಣ ಬಳಿದಿದ್ದಾರೆ. ನಾನೂ ಕೂತು ಸವರಿ ನೋಡಿದೆ.

"ಏನ್ ಮೇಡಂ, ನೀವೂ ನಮ್ಮ ಗೋಡೆ ಮಾತಾಡಿಸೋಕೆ ಬಂದ್ರಾ?" ಪಂಪ್ ಆಪರೇಟರ್.

"ಇಲ್ಲೊಂದು ಸ್ಟೀಲ್ ಡಬ್ಬಿ..."

"ಓ, ಅದಾ!" ಒಳಗಿಂದ ತಂದ. ಅದರ ತುಂಬ ಸ್ಕ್ರೂ. "ಗೋಡೆ ರಿಪೇರಿ ಮಾಡೋವಾಗ ಸಿಕ್ತು. ಬೇಸಿಗೇಲಿ. ಗಟ್ಟಿ ಡಬ್ಬಿ, ಎಸೆಯೋಕೆ ಮನಸ್ಸು ಬರಲಿಲ್ಲ. ಇಡೋ ಮುಂಚೆ ಒಂದು ಮಾತು ಕೇಳ್ಬಾರ್ದಾ?"

ಕೇಳಬೇಕಿತ್ತು. ಅದೂ ನನ್ನ ತಪ್ಪೇ. ಸ್ಕ್ರೂಗಳನ್ನು ಕಾಗದಕ್ಕೆ ಸುರಿದುಕೊಂಡು ಖಾಲಿ ಡಬ್ಬಿ ಕೊಟ್ಟ. ಬ್ಯಾಗಿಗೆ ಹಾಕಿಕೊಂಡೆ.

ಬೇಸಿಗೆಯಿಂದಲೂ ಅಲ್ಲಿ ಏನೂ ಇರಲಿಲ್ಲ. ಗ್ಯಾಸಿನ ವಿಷಯ ನನಗೆ ಗೊತ್ತಿಲ್ಲ. ಗೋಡೆಯ ವಿಷಯದಲ್ಲಿ ಆಂಟಿಯ ಕಣ್ಣೂ ಸರಿ, ನೆನಪೂ ಸರಿ.

ನವೆಂಬರ್ ೧೯, ಬೆಳಿಗ್ಗೆ

ಕೊನೆಯ ಲಾಗ್ ಬರೆಯುವುದು, ಅಳಿಸುವುದು... ಮೊದಲು ಬರೆದದ್ದು: "ಗೋಡೆ ರಿಪೇರಿಯಾದ ಕಾರಣ ಈ ಜಿಯೋಕ್ಯಾಶನ್ನು ಆರ್ಕೈವ್ ಮಾಡಿ ಮುಚ್ಚುತ್ತಿದ್ದೇನೆ. ಹುಡುಕಿದವರಿಗೆಲ್ಲ ಧನ್ಯವಾದ."

"ಸಾಕಲ್ಲ, ನೀಟಾಗಿದೆ," ಇವರು ಅಂದರು.

ನೀಟಾಗಿದೆ. ಸುಳ್ಳೂ ಅಲ್ಲ. ರಿಪೇರಿ ಯಾವಾಗ ಆಯಿತು ಎಂದು ಮಾತ್ರ ಇಲ್ಲ. ಓದಿದವರು ಮೊನ್ನೆ ಮೊನ್ನೆ ಅಂದುಕೊಳ್ಳಲಿ ಎಂದು ತಾನೇ ನಾನು ಹಾಗೆ ಬರೆದದ್ದು?

ಈಗಿನದು: "ಸಿಸ್ಟರ್ ಆಂಟಿ ಹೇಳಿದ್ದೇ ನಿಜ. ಅಲ್ಲಿ ಸಂದಿ ಇತ್ತು, ಬೇಸಿಗೆಯಲ್ಲೇ ಮುಚ್ಚಿದ್ದಾರೆ. ನಾನು ಹೋಗದೆಯೇ ನೋಡಿ ಬಂದೆ ಎಂದು ಬರೆದಿದ್ದೆ. ಡಬ್ಬಿಯನ್ನು ತಂದಿದ್ದೇನೆ. ಯಾರೂ ಹುಡುಕಬೇಡಿ." ಇದನ್ನೇ ಆಂಟಿಯ ಮಗಳಿಗೂ ಫೋನಿನಲ್ಲಿ ಓದಿ ಹೇಳಬೇಕು.

ಹಾಕುವ ದಿನ ೨೩, ಭಾನುವಾರ ಎಂದು ಬರೆದುಕೊಂಡೆ. ಪುರುಸೊತ್ತಿರುತ್ತದಂತೆ! ಅಷ್ಟರಲ್ಲಿ, ಇಪ್ಪತ್ತಕ್ಕೇ, ಡಾಕ್ಟರು ಆಂಟಿಯನ್ನು ನೋಡಿಯೂ ಆಗಿರುತ್ತದೆ. ಹೊಡೆದುಹಾಕಿದೆ.

ಹಾಕುವ ದಿನ: ನವೆಂಬರ್ ೧೯. ಇವತ್ತೇ.