ಅವ್ವನ ಕಾಯಂ ಕರೆಂಟು

೩ ಡಿಸೆಂಬರ್, ಬುಧವಾರ

ಮಸ್ಕಿ ಕಾಲೇಜಿನಿಂದ ಮನೆಗೆ. ಕಾರಿನ ಮೇಲೆ ಭತ್ತದ ಧೂಳು, ನನ್ನ ಮೇಲೆ ಚಾಕ್‌ಪೀಸಿನದು. ಕಾರನ್ನಾದರೂ ಒರೆಸಿದೆ. ಕೊಯ್ಲು ಬಂತೆಂದರೆ ಸಿಂಧನೂರಿಗೆ ಸುಗ್ಗಿ, ನಮ್ಮ ಅವ್ವನಿಗೆ ದಮ್ಮು. ಮೂರು ಹೊತ್ತೂ ನೆಬ್ಯುಲೈಜರ್ ಹಚ್ಚಿ ಔಷಧದ ಹೊಗೆ ಎಳೆಯಬೇಕು. ನಡುವೆ ಎದೆ ಬಿಗಿದರೆ ಮತ್ತೊಮ್ಮೆ. ಅವ್ವ ಆ ಮಷಿನ್ನಿಗೆ ‘ನೆಬ್ಬವ್ವ’ ಅಂತ ಹೆಸರಿಟ್ಟಿದ್ದಾಳೆ. ಮನೆಯಲ್ಲೀಗ ಇಬ್ಬರು ಅವ್ವಂದಿರು. ಒಬ್ಬಳು ಗೊರಗುಡುತ್ತಾಳೆ, ಒಬ್ಬಳು ಗೊಣಗುತ್ತಾಳೆ.

ಸಂಜೆ ಲಿಂಗಸುಗೂರಿನಿಂದ ಫೋನ್. ಸಂಗಮ್ಮ ಸಣ್ಣವ್ವ, ಅವ್ವನ ತಂಗಿ. ಮಗಳ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯ ಇದೇ ಇಪ್ಪತ್ತೊಂದಕ್ಕೆ. ನಮ್ಮ ಬಳಗದಲ್ಲಿ ಅವ್ವನ ಜೋಗುಳ ಕೇಳದೆ ತೊಟ್ಟಿಲೇರಿದ ಕೂಸಿಲ್ಲ — ನಾನೂ ಸೇರಿ.

“ಬರಂಗಿಲ್ಲ ಸಂಗೀ. ನಿನ್ನ ಬೀಗರ ಮುಂದ ಮೂತಿಗೆ ಡಬ್ಬಿ ಕಟ್ಟಿಕೊಂಡು ಕುಂದ್ರಲೇನು? ಕೂಸು ಅಂಜತೈತಿ.”

ಸ್ಪೀಕರಿನಲ್ಲಿ ಸಣ್ಣವ್ವ: “ಕೂಸಿಗೆ ಇನ್ನಾ ಕಣ್ಣ ಸರಿಯಾಗಿ ಕಾಣಂಗಿಲ್ಲಕ್ಕ.”

“ಬೀಗರಿಗೆ ಕಾಣ್ತೈತಲ್ಲ.”

ಫೋನ್ ಇಟ್ಟಳು. ದಸರೆಯಿಂದ ಹೊಸ್ತಿಲು ದಾಟಿಲ್ಲ ಈಕೆ. ಒಮ್ಮೆ ಇದಕ್ಕೂ ‘ಇಲ್ಲ’ ಅಂದುಬಿಟ್ಟರೆ, ಮುಂದೆ ಯಾವುದಕ್ಕೂ ‘ಹೂಂ’ ಅನ್ನಲಿಕ್ಕಿಲ್ಲ. ನನ್ನ ಭಯ ಅದು.

೪ ಡಿಸೆಂಬರ್

ನನ್ನ ಹೆಂಡತಿ ಭುವನೇಶ್ವರಿ ಬ್ಯಾಂಕಿನವಳು. ಎಲ್ಲದಕ್ಕೂ ಒಂದು ಸ್ಕೀಮ್ ಇರುತ್ತದೆ.

“ಕಾರಿನಾಗ ಕುಂತು ಹಚ್ಚಿಕೊಳ್ಳಲಿ. ಗ್ಲಾಸ್ ಏರಿಸಿದ್ರ ಯಾವ ಬೀಗರಿಗೆ ಕಾಣ್ತೈತಿ?”

ಸ್ಕೀಮ್ ಚೆನ್ನಾಗಿದೆ. ಆದರೆ ನಮ್ಮ ಕಾರಿನ ಸಾಕೆಟ್ಟಿಗೆ ಕರೆಂಟ್ ಬರುವುದು ಕೀ ತಿರುಗಿಸಿದರೆ ಮಾತ್ರ. ಅವ್ವನ ಕೈಗೆ ಕೀ ಕೊಟ್ಟು ನಾನು ಊಟದ ಪಂಕ್ತಿಯಲ್ಲಿ ಕೂರುವಂತಿಲ್ಲ. ಹೋದ ವರ್ಷ ಮಸ್ಕಿ ಸಂತೆಯಲ್ಲಿ ಹಾಗೆ ಮಾಡಿದ್ದೆ. ರೇಡಿಯೋ ಹಚ್ಚಲೆಂದು ಕೀ ತಿರುಗಿಸಿದಳು. ಕಾರು ಗೇರಿನಲ್ಲಿತ್ತು. ನೆಗೆದು ಉಳ್ಳಾಗಡ್ಡಿ ರಾಶಿಗೆ ಮುತ್ತಿಟ್ಟಿತು. ಕಣ್ಣೀರು ಬಂದದ್ದು ಉಳ್ಳಾಗಡ್ಡಿಯಿಂದಲ್ಲ, ದಂಡ ಕಟ್ಟಿದ್ದರಿಂದ.

ಆದ್ದರಿಂದ — ಕೀ ನನ್ನ ಜೇಬಿನಲ್ಲಿರಬೇಕು, ಕರೆಂಟ್ ಅವ್ವನ ಕೈಯಲ್ಲಿರಬೇಕು.

೭ ಡಿಸೆಂಬರ್, ಭಾನುವಾರ

ಮಸ್ಕಿ ರೋಡಿನ ಹುಸೇನಬಾಷಾನ ಅಂಗಡಿ. ಗಾಡಿ ಎಲೆಕ್ಟ್ರಿಷಿಯನ್. ಕೈ ನಡೆದಷ್ಟೇ ಬಾಯಿಯೂ ನಡೆಯುತ್ತದೆ.

“ಬ್ಯಾಟರಿಯಿಂದ ಸೀದಾ ವೈರ್ ಎಳಿತೀನ್ರಿ ಸರ್. ನಡುವ ಒಂದು ಫ್ಯೂಜ್. ಕೀ ಇರಲಿ ಬಿಡಲಿ, ನಿಮ್ಮದು ಕಾಯಂ ಕರೆಂಟ್.”

“ಫ್ಯೂಜ್ ಇದ್ದ ಮೇಲೆ ಕನ್‌ಫ್ಯೂಜ್ ಇಲ್ಲ,” ಅಂದೆ.

ನಗಲಿಲ್ಲ. ನನ್ನ ಜೋಕಿಗೆ ಅವನ ಬೆಲ್ಟಿನ ಇಕ್ಕಳದಿಂದ ಎಳೆದರೂ ನಗು ಬರುವಂತಿರಲಿಲ್ಲ. ಬಾನೆಟ್ಟಿನಿಂದ ಡ್ಯಾಶ್‌ಬೋರ್ಡಿನ ಕೆಳಗೆ ವೈರ್ ತೂರಿಸಿ ಹೊಸ ಸಾಕೆಟ್ ಕೂರಿಸಿದ. ಅದಕ್ಕೆ ಚಿಕ್ಕದೊಂದು ಇನ್ವರ್ಟರ್ ಡಬ್ಬಿ — ಮನೆಯ ಪ್ಲಗ್ಗನ್ನೇ ಚುಚ್ಚಬಹುದು. ಕೇಳದೆಯೇ ನೀಲಿ ಬಲ್ಬೊಂದನ್ನೂ ಹಾಕಿದ್ದ. ತೆಗೆಸಿದೆ. ಅವ್ವ ಗುಡಿ ಅಂದುಕೊಂಡಾಳು.

ಹೊರಡುವಾಗ ಕಿಟಕಿಗೆ ಬಗ್ಗಿ ಅಂದ: “ಬ್ಯಾಟರಿ ಹಳೇದೈತ್ರಿ. ಇದಕ್ಕ ಏನರ ಹಚ್ಚಿ ಮರತು ಬಿಡಬ್ಯಾಡ್ರಿ.”

“ನಾನ್ಯಾಕೆ ಮರೀತೀನಿ,” ಅಂದೆ.

೯ ಡಿಸೆಂಬರ್

ಮನೆ ಮುಂದೆ ಟ್ರಯಲ್. ಅವ್ವ ಮುಂದಿನ ಸೀಟಿನಲ್ಲಿ, ನೆಬ್ಬವ್ವ ತೊಡೆಯ ಮೇಲೆ.

“ಕೀ ಎಲ್ಲೈತಿ?”

“ನನ್ನ ಕಿಸೆದಾಗ.”

“ಮತ್ತ ಇದು ಹೆಂಗ ನಡದೈತಿ?”

“ಕಾಯಂ ಕರೆಂಟವ್ವ. ಮನೀದು ಹೋದ್ರೂ ಇದು ಹೋಗಂಗಿಲ್ಲ.”

ಮಾಸ್ಕಿನ ಮೇಲೆ ಎರಡು ಕಣ್ಣು ಅಗಲವಾದವು. ಇತಿಹಾಸದ ಮೇಷ್ಟ್ರು ಜೀವನದಲ್ಲಿ ಮೊದಲ ಸಲ ವಿಜ್ಞಾನದಲ್ಲಿ ಪಾಸು. ಎದೆಯುಬ್ಬಿಸಿ ಇನ್ನೂ ನಾಲ್ಕು ಮಾತು ಸೇರಿಸಿದೆ. ಹುಸೇನಬಾಷಾನ ಕೊನೆಯ ಮಾತನ್ನು ಮಾತ್ರ ಸೇರಿಸಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ರೊಟ್ಟಿ ಮುರಿಯುತ್ತ ಅಂದಳು: “ಸಂಗಿಗೆ ಬರ್ತೀನಂತ ಹೇಳು. ಹಾಡಂಗಿಲ್ಲ ಮತ್ತ. ಸುಮ್ನ ಬರ್ತೀನಷ್ಟ.”

ಭುವಿ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ಪ್ರೀತಿಯಿಂದ. ಇನ್ನೂ ನೋಯುತ್ತಿದೆ.

೧೫ ಡಿಸೆಂಬರ್

ಬಚ್ಚಲಿನಿಂದ ಗುನುಗು. ರಾಗದ ಅರ್ಧಕ್ಕೆ ಕೆಮ್ಮು. ಮತ್ತೆ ಮೊದಲಿನಿಂದ.

“ಅವ್ವಾ, ಹಾಡಾಕತ್ತೀಯೇನು?”

“ನಳ ಬಂದೈತಿ. ಅದರ ಸಪ್ಪಳ.”

ನಮ್ಮ ಓಣಿಗೆ ನಳದ ನೀರು ಬರುವುದು ನಾಳೆ.

೧೯ ಡಿಸೆಂಬರ್, ಶುಕ್ರವಾರ. ಎಳ್ಳ ಅಮಾವಾಸ್ಯೆ

ಸಜ್ಜಿ ರೊಟ್ಟಿ, ಪುಂಡಿಪಲ್ಯ, ಎಳ್ಳಹೋಳಿಗೆ. ಭುವಿಯ ತವರು ತುರ್ವಿಹಾಳ. ಅವರ ಹೊಲಕ್ಕೆ ನಾವಿಬ್ಬರು ಬೈಕಿನಲ್ಲಿ ಹೋಗಿ ಭೂತಾಯಿಗೆ ಎಡೆಯ ಚರಗ ಚೆಲ್ಲಿ ಬಂದೆವು. ಧೂಳಿಗೆ ಹೆದರಿ ಅವ್ವ ಮನೆಯಲ್ಲೇ. ಬರುವಷ್ಟರಲ್ಲಿ ಕಾರಿಗೆ ಪೂಜೆ ಮುಗಿಸಿ, ಬಾಗಿಲು ಹಾಕಿ, ಕವರನ್ನೂ ಹೊದಿಸಿಬಿಟ್ಟಿದ್ದಳು.

“ಐತವಾರತನಕ ಯಾರೂ ಮುಟ್ಟಬ್ಯಾಡ್ರಿ. ಕಾಲೇಜಿಗೆ ಬೈಕಿನಾಗ ಹೋಗು. ಧೂಳ ಕುಂದ್ರತೈತಿ.”

ಮುಖದಲ್ಲಿ ಒಂದು ಗುಟ್ಟು. ಹೊಟ್ಟೆ ತುಂಬಿದವನಿಗೆ ಗುಟ್ಟಿನ ಗೊಡವೆ ಯಾಕೆ? ಮಲಗಿದೆ.

೨೧ ಡಿಸೆಂಬರ್, ಭಾನುವಾರ. ಲಿಂಗಸುಗೂರು, ಕಾರಿನೊಳಗೆ

ಸಣ್ಣವ್ವನ ಮನೆ ಮುಂದೆ ಇದ್ದೇನೆ. ಎಂಜಿನ್ ಚಾಲೂ ಇದೆ. ಇಳಿಯುವಂತಿಲ್ಲ. ಡೈರಿ ಬ್ಯಾಗಿನಲ್ಲಿತ್ತು, ಬೆಳಗಿನಿಂದ ಆದದ್ದನ್ನು ಬರೆಯುತ್ತೇನೆ.

ಕವರ್ ತೆಗೆದು ಕೀ ತಿರುಗಿಸಿದೆ. ಕಟ್. ಮತ್ತೆ ತಿರುಗಿಸಿದೆ. ಕಟ್ ಕೂಡ ಇಲ್ಲ. ಹಿಂದಿನ ಸೀಟು ನೋಡಿದರೆ — ದೇವರಮನೆಯ ಬಸವಣ್ಣ! ಮಡಿ ಟವೆಲ್ಲಿನ ಮೇಲೆ ಕೂತಿದ್ದಾನೆ. ಎಡಬಲಕ್ಕೆ ಎರಡು ಕರೆಂಟಿನ ದೀಪ. ವೈರು ನೇರ ನನ್ನ ಇನ್ವರ್ಟರ್ ಡಬ್ಬಿಗೆ.

“ಅವ್ವಾ, ಇದೇನಿದು?”

“ಮನಿಯಾಗ ದಿನಾ ಕರೆಂಟ್ ಹೋಗಿ ದೇವ್ರ ದೀಪ ಆರತೈತಿ. ಇದು ಕಾಯಂ ಅಂತ ನೀನ ಅಂದೀಯಲ್ಲೋ. ಅದಕ್ಕ ಅಮಾಸಿಗೆ ತಂದು ಕುಂದ್ರಿಸೀನಿ.”

ನಾನು ಮಾರಿದ ಮಾತನ್ನೇ ಕೊಂಡಿದ್ದಾಳೆ. ದೀಪ ಆರಬಾರದೆಂದು ಹೋಗಿ ಬ್ಯಾಟರಿ ಬರಿದಾಯಿತು, ಕಾರೇ ಏಳದಾಯಿತು. ಆರು, ಏಳು... ಎಂಟಕ್ಕೆ ಹೊರಡಬೇಕಿತ್ತು.

ಅವ್ವನ ಮುಖ ಬಾಡಿತು. ಸೆರಗು ಬಿಗಿದು ಇಳಿಯಲು ಕಾಲು ಹೊರಗಿಟ್ಟಳು.

“ದೇವ್ರಿಗೂ ಮನಸಿಲ್ಲ ಬಿಡು. ಸಂಗಿಗೆ ಫೋನ್ ಹಚ್ಚು. ಬರಂಗಿಲ್ಲನ್ನು.”

ಬಸ್ಸು ಅಂದರೆ ಧೂಳು, ಜನ, ಮಾಸ್ಕು. ಆಕೆ ಒಪ್ಪುವುದಿಲ್ಲ. ಹನ್ನೆರಡು ದಿನದ ‘ಹೂಂ’ ನನ್ನ ಕಣ್ಣೆದುರೇ ‘ಇಲ್ಲ’ ಆಗುತ್ತಿತ್ತು. ಆಗ ಭುವಿ ಇಳಕಲ್ ಸೀರೆಯ ನಿರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು.

“ಅತ್ತೀ, ನೀವು ಇಳದ್ರ ನಾ ಇಲ್ಲೇ ಅಳಾಕ ಕುಂದ್ರತೀನಿ ನೋಡ್ರಿ. ಕಾಲು ಒಳಗ ತಗೋರಿ. ರೀ, ನೀವು ಸ್ಟೇರಿಂಗ್ ಹಿಡೀರಿ.”

ಎದುರುಮನೆಯ ನಾಸೀರ್ ಹಲ್ಲುಜ್ಜುತ್ತಿದ್ದವನು ಬ್ರಷ್ಷು ಬಾಯಲ್ಲೇ ಕಚ್ಚಿಕೊಂಡು ಓಡಿ ಬಂದ.

“ಮೇಡಂ, ನೀವು ಬಿಡ್ರಿ, ಸೀರಿ ಹೊಲಸಾಗತೈತಿ.”

“ಸೀರಿ ತೊಳೀಬಹುದು ನಾಸೀರಣ್ಣ, ನೂಕ್ರಿ!”

ನೂಕಿದರು. ಬಸವಣ್ಣ ಅಲ್ಲಾಡಿದ. ಮುಂದಿನ ಸೀಟಿನಿಂದ ಅವ್ವನ ಕಮೆಂಟರಿ: “ಎಡಕ್ಕ ಗಟಾರ ಐತೋ... ನೂಕ್ರೆವ್ವಾ, ಇನ್ನೊಂದು ಸಲ... ನಾಸೀರಾ, ನಾಷ್ಟಾ ಆಗಿಲ್ಲೇನು?” ಓಣಿ ಕೊನೆಗೆ ಎಂಜಿನ್ ಕೆಮ್ಮಿತು, ಹಿಡಿಯಿತು. ದೇವರನ್ನು ನಾಸೀರನ ಕೈಗೆ ಒಪ್ಪಿಸಿ ಹೊರಟೆವು.

ಮಸ್ಕಿಯಲ್ಲಿ ಅವ್ವನಿಗೆ ಎದೆ ಬಿಗಿಯಿತು. ಬಸ್‌ಸ್ಟ್ಯಾಂಡಿನ ಆಚೆ ನಿಲ್ಲಿಸಿ, ಎಂಜಿನ್ ಆರಿಸದೆ ನೆಬ್ಬವ್ವನನ್ನು ಹಚ್ಚಿದೆವು. ನಡೆಯಿತು. ಆದರೆ ಎಂಜಿನ್ ಒಮ್ಮೆ ನಿಂತರೆ ಮತ್ತೆ ಹಿಡಿಯುತ್ತದೋ ಇಲ್ಲವೋ. ಆದ್ದರಿಂದ ನಾನು ಇಲ್ಲಿ. ಒಳಗೆ ಕೂಸು ತೊಟ್ಟಿಲಲ್ಲಿ, ಹೊರಗೆ ನಾನು ಗಡಗಡ ಅನ್ನುವ ಕಾರಿನಲ್ಲಿ. ಇಬ್ಬರನ್ನೂ ತೂಗುತ್ತಿದ್ದಾರೆ.

ಅವ್ವ ಹಾಡುವುದಿಲ್ಲ ಎಂದೇ ಒಳಗೆ ಹೋದಳು.

ತಡಿ. ಮೈಕು.

ಅವ್ವನ ದನಿ! ಒಡೆದಿದೆ, ಆದರೂ ಅದೇ. ಮೊದಲ ನುಡಿ ಮುಗಿಯಿತು. ಹೆಂಗಸರು ಒಟ್ಟಾಗಿ ಪಲ್ಲವಿಯ ಸೊಲ್ಲು ಹಿಡಿದರು. ಎರಡನೆಯದು... ಮೂರರಲ್ಲಿ ಉಸಿರು ಮೇಲೆ ಮೇಲೆ ಬರುತ್ತಿದೆ. ಸಾಕವ್ವಾ, ನಿಲ್ಲಿಸು —

ನಿಂತಿತು.

ಅದೇ ದಿನ, ರಾತ್ರಿ. ಸಿಂಧನೂರು

ಭುವಿಯ ತೋಳು ಹಿಡಿದು ಅವ್ವ ಹೊರಗೆ ಬಂದಳು. ಮಾತಿಲ್ಲ, ಬರೀ ಕೈಸನ್ನೆ. ಕೂರಿಸಿ, ಮಾಸ್ಕು ಕಟ್ಟಿ, ಗ್ಲಾಸು ಏರಿಸಿದೆ. ಏನು ಪ್ರಯೋಜನ? ಹಿಂದೆಯೇ ಇಡೀ ಅಂಗಳ ಎದ್ದು ಬಂದಿತ್ತು. ಜೋಗುಳ ಮುಗಿಯದೆ ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಹೇಳುವಂತಿಲ್ಲ. ಅವ್ವನ ಉಸಿರಿಗೆ ಎಲ್ಲರೂ ಕಾಯಬೇಕು. ಸಣ್ಣವ್ವ ಕೂಸನ್ನು ಹೆಗಲಿಗೆ ಹಾಕಿಕೊಂಡೇ ಬಂದಿದ್ದಳು. ಪಕ್ಕದಲ್ಲಿ, ಯಾರಿಗೆ ಕಾಣಬಾರದೆಂದು ಇಷ್ಟೆಲ್ಲ ವೈರ್ ಎಳೆಸಿದ್ದೆನೋ ಆ ಬೀಗಿತ್ತಿ. ಗ್ಲಾಸು ತಟ್ಟಿದರು.

ನಾನು ಇಳಿಸಲಿಲ್ಲ. ಅವ್ವನೇ ಬೆರಳಾಡಿಸಿದಳು — ಇಳಿಸು.

“ಅಕ್ಕಾರ, ಸಾವಕಾಶ ತಗೋರಿ,” ಬೀಗಿತ್ತಿ ಅಂದರು. “ಹೆಸರೇನು ಓಡಿ ಹೋಗಂಗಿಲ್ಲ. ಕೂಸು ಅಂತೂ ಇಲ್ಲೇ ಐತಿ.”

ಸಣ್ಣವ್ವ ಕೂಸಿನ ಮುಖ ಕಿಟಕಿಗೆ ತಂದಳು. ಅದು ಮಾಸ್ಕು, ಹೊಗೆ, ದೊಡ್ಡಜ್ಜಿಯನ್ನೆಲ್ಲ ಒಂದೇ ಸಲಕ್ಕೆ ನೋಡಿ — ಆಕಳಿಸಿತು.

ಅಷ್ಟರಲ್ಲಿ ಯಾರದೋ ಬಳೆಗೈ ಒಳಗೆ ತೂರಿತು, ಮೊಬೈಲ್ ಸಮೇತ. “ಯಕ್ಕಾ, ಇದರಾಗ ಚಾರ್ಜ್ ಆಗತೈತೇನ್ರಿ?”

ಅವ್ವ ಮಾಸ್ಕು ಕೆಳಗೆಳೆದಳು. “ಮದ್ಲ ನಂದು ಆಗಲಿ ಬೇ!”

ನಗೆಗೆ ಕಾರು ಅಲ್ಲಾಡಿತು. ಅವ್ವನೂ ನಕ್ಕಳು, ಕೆಮ್ಮಿದಳು, ಮತ್ತೆ ನಕ್ಕಳು. ಔಷಧ ಮುಗಿಸಿ, ಸೆರಗು ಸರಿ ಮಾಡಿಕೊಂಡು ತಾನೇ ಬಾಗಿಲು ತೆಗೆದಳು. ಉಳಿದ ನುಡಿಗಳನ್ನು ನಿಧಾನಕ್ಕೆ ಹಾಡಿದಳು. ಉಸಿರು ನಿಂತಲ್ಲಿ ಹೆಂಗಸರು ಸೊಲ್ಲನ್ನು ಇನ್ನೊಂದು ಸುತ್ತು ತಿರುಗಿಸಿದರು, ಮುಂದಿನ ನುಡಿಗೆ ಆಕೆ ಸಿದ್ಧಳಾಗುವ ತನಕ. ಯಾರೂ ಹೇಳಿಕೊಟ್ಟಿದ್ದಲ್ಲ.

ನಾನು ಕೇಳಿದ್ದು ಹೊರಗಿನಿಂದ, ಎಂಜಿನ್ ಸದ್ದಿನ ಮೇಲೆ. ಎಲ್ಲ ಸ್ಪಷ್ಟವಾಗಿ ಕೇಳಿಸಿತು. ಕಣ್ಣಿಗೆ ಮಾತ್ರ ಏನೂ ಸ್ಪಷ್ಟ ಕಾಣಲಿಲ್ಲ. ಧೂಳು ಅಂತ ಬರೆದುಕೊಳ್ಳುತ್ತೇನೆ.

೨೭ ಡಿಸೆಂಬರ್, ಶನಿವಾರ

ಮೊನ್ನೆ ಹುಸೇನಬಾಷಾ ಸಾಕೆಟ್ಟಿಗೆ ಒಂದು ಸ್ವಿಚ್ ಕೂರಿಸಿದ. ಬಸವಣ್ಣನ ಕಥೆ ಕೇಳಿ ಇಕ್ಕಳ ಕೆಳಗಿಟ್ಟು ನಕ್ಕ. ನನ್ನ ಜೋಕಿಗಲ್ಲ, ಅವ್ವನದಕ್ಕೆ.

ನಿನ್ನೆ ತುರ್ವಿಹಾಳದಿಂದ ಫೋನ್. ಭುವಿಯ ಅಣ್ಣನ ಮಗನ ತೊಟ್ಟಿಲು ಇವತ್ತೇ ಅಂತೆ. ಮಸ್ಕಿಯಿಂದಲೂ ಒಂದು ಬರುವುದಿದೆಯಂತೆ. ಸಣ್ಣವ್ವ ಯಾರ್‍ಯಾರಿಗೆ ಹೇಳಿದ್ದಾಳೋ. ಅವ್ವ ಹೂಂ ಅಂದದ್ದು ನನ್ನನ್ನು ಕೇಳಿಯಲ್ಲ. ಹತ್ತಕ್ಕೆ ಹೊರಡೋಣ ಅಂದಿದ್ದೆ. ಈಗಿನ್ನೂ ಒಂಬತ್ತೂ ಆಗಿಲ್ಲ —

ಹಾರ್ನು.

ನೆಬ್ಬವ್ವನನ್ನು ತೊಡೆಯ ಮೇಲಿಟ್ಟುಕೊಂಡು ಆಗಲೇ ಹೋಗಿ ಕೂತಿದ್ದಾಳೆ. “ಅಮರೇಶಾ, ಬರ್ತೀಯೋ, ಬ್ಯಾರೆ ಡ್ರೈವರ್ ಕರೀಲೋ?”

ಮತ್ತೆ ಹಾರ್ನು. ಉದ್ದನೆಯದು. ಓಣಿಯೇ ಹೊರಗೆ ಬಂತು. ಬಂದ್ನೆವ್ವಾ, ಬಂದೆ, ಈ ಚಪ್ಪಲಿ ಒಂದು ಸಿಗವಲ್ದು —