ಕಮಾನಿನ ಕೆಳಗಿನ ಹೆಂಗಸು

ರೋಮ್, ನವೆಂಬರ್ ೨೦, ೧೬೭೮

ಮುದ್ದಿನ ಮಗಳು ಎರ್ಸಿಲಿಯಾಗೆ,

ಹೆರಿಗೆ ಸುಸೂತ್ರವಾಯಿತೆಂದು ನಿನ್ನ ಗಂಡ ಬರೆದ ಕಾಗದ ಓದಿ ಹೋದ ಜೀವ ಬಂದಂತಾಯಿತು. ಇಷ್ಟು ದಿನ ಕಾಗದ ಬರೆಯದ ಈ ಸೋಮಾರಿ ಅಪ್ಪನನ್ನು ಚೆನ್ನಾಗಿ ಬೈದುಬಿಡು.

ಇದರೊಂದಿಗೆ ನನ್ನ ಹೊಸ ಚಿತ್ರದ ಒಂದು ಅಚ್ಚು ಕಳಿಸಿದ್ದೇನೆ. ಊರಾಚೆಯ ಪಾಳುಬಿದ್ದ ಸ್ನಾನಗೃಹ, ಚಿಕ್ಕವಳಿದ್ದಾಗ ನೀನು ಹಲ್ಲಿ ಹಿಡಿಯುತ್ತಿದ್ದೆಯಲ್ಲ, ಅದೇ. ಬೇಸಿಗೆಯಲ್ಲಿ ನಾನೂ ನಿನ್ನಮ್ಮನೂ ಹೋಗಿದ್ದೆವು. ಕಮಾನಿನ ನೆತ್ತಿಯಲ್ಲಿ ಅಂಜೂರದ ಮರ ಬೆಳೆದುಬಿಟ್ಟಿದೆ! ಅದರ ಬೇರು ಕಲ್ಲನ್ನು ಸೀಳಿಕೊಂಡು ಇಳಿದು, ಸೀಳಿದ ಕಲ್ಲನ್ನೇ ತಬ್ಬಿ ಹಿಡಿದಿದೆ. ಚಕ್ರವರ್ತಿಗಳು ಕಟ್ಟಿಸಿದ್ದು ಯಾವುದೋ ಹಕ್ಕಿ ಉದುರಿಸಿದ ಬೀಜದ ಆಸರೆಯಲ್ಲಿ ನಿಂತಿದೆ. ಟೋಪಿ ತೆಗೆದು ನಿಂತುಬಿಟ್ಟೆ.

ಕಮಾನು ಎಷ್ಟು ದೊಡ್ಡದೆಂದು ಚಿತ್ರ ನೋಡುವವರಿಗೆ ತಿಳಿಯಲು ಎಂದಿನಂತೆ ಅಮ್ಮನೇ ಅದರ ಕೆಳಗೆ ಹೋಗಿ, ಎಡಗಡೆಯ ನೆರಳಿನತ್ತ ಮುಖ ಮಾಡಿ ನಿಂತಳು. "ಮದುವೆ ಆದಾಗಿಂದ ನನ್ನನ್ನ ಇರುವೆ ಮಾಡಿ ತೋರಿಸ್ತಿದ್ದೀರಿ. ಒಂದ್ಸಲನಾದ್ರೂ ಕಮಾನು ಸಣ್ಣದು ಮಾಡ್ರೀ!" ಎಂದು ಕೂಗಿದಳು. ಗೋಡೆಗಳೆಲ್ಲ ಅದನ್ನೇ ಕೂಗಿದವು. ಬಿಸಿಲು ತಡೆಯಲಾರದೆ ಅಂದು ಅವಳನ್ನು ಬರೆದುಕೊಳ್ಳದೆಯೇ ಮರಳಿದೆವು.

ತಾಮ್ರದ ತಗಡಿನ ಮೇಲೆ ಎಲ್ಲವನ್ನೂ ಎಡಬಲ ತಿರುಗಿಸಿ ಗೀರಬೇಕು, ಆಗಲೇ ಕಾಗದದಲ್ಲಿ ನೆಟ್ಟಗೆ ಬರುವುದು. ಕಮಾನು, ಮರ ಎಲ್ಲವನ್ನೂ ಕನ್ನಡಿ ನೋಡಿಕೊಂಡು ತಿರುಗಿಸಿಯೇ ಗೀರಿದೆ. ಅವಳನ್ನು ಮಾತ್ರ ಕಳೆದ ವಾರ, ನೆನಪಿನಿಂದ, ಕಂಡ ಹಾಗೆಯೇ ಗೀರಿಬಿಟ್ಟೆ. ಅಚ್ಚು ತೆಗೆದರೆ ಅವಳು ನೆರಳಿಗೆ ಬೆನ್ನು ಹಾಕಿ, ಚಿತ್ರ ಬಿಟ್ಟು ಹೊರಡುವವಳಂತೆ ನಿಂತಿದ್ದಾಳೆ.

ಚಿತ್ರ ಮಾರುವ ಗೌದೆನ್ಸಿಯೊ ಬಿದ್ದು ಬಿದ್ದು ನಕ್ಕ. "ಏನ್ ಯಜಮಾನ್ರೇ, ಈ ವಯಸ್ಸಲ್ಲಿ ಎಡ ಯಾವ್ದು ಬಲ ಯಾವ್ದು ಮರ್ತೋಯ್ತಾ? ಅವಳನ್ನ ಉಜ್ಜಿ ತೆಗ್ದು ಎರಡು ಮೇಕೆ ಹಾಕಿ. ಇಲ್ದಿದ್ರೆ ಇದು ನಂಗೆ ಬೇಡ." ಉಜ್ಜುವ ಉಕ್ಕಿನ ಕಡ್ಡಿಯನ್ನು ಕೈಗೆತ್ತಿಕೊಂಡೆ. ಆಗಲಿಲ್ಲ. ತಗಡನ್ನು ಬಟ್ಟೆಯಲ್ಲಿ ಸುತ್ತಿ ಮನೆಗೆ ತಂದೆ.

ಕೂಸಿಗೆ ನನ್ನ ಮುತ್ತು. ದೇವಮಾತೆ ನಿಮ್ಮನ್ನೆಲ್ಲ ತನ್ನ ಸೆರಗಿನಲ್ಲಿಟ್ಟು ಕಾಯಲಿ.

ನಿನ್ನ ಅಪ್ಪ,
ಬಲ್ದಾಸ್ಸಾರೆ

ತಾ.ಕ.: ಅಮ್ಮ ಬರೆದ ಎರಡು ಸಾಲು ಎಲ್ಲಿ ಎಂದು ಹುಡುಕುತ್ತಿರುತ್ತೀಯ. ಸೆಪ್ಟೆಂಬರಿನ ಜ್ವರದಲ್ಲಿ ಅವಳು ಹೋಗಿಬಿಟ್ಟಳು, ಮಗಳೇ. "ಅವಳ ಹೆರಿಗೆ ಆಗೋವರ್ಗೂ ಬಾಯಿ ಬಿಡ್ಬೇಡಿ" ಎಂದು ಆಣೆ ಹಾಕಿಸಿಕೊಂಡಿದ್ದಳು. ಚಿತ್ರವನ್ನು ಕನ್ನಡಿಯ ಮುಂದೆ ಹಿಡಿದು ನೋಡು. ಕಮಾನು ತಿರುಗುತ್ತದೆ, ಮರ ತಿರುಗುತ್ತದೆ. ಅಮ್ಮ ಮಾತ್ರ ಅಂದು ನಿಂತಿದ್ದ ಹಾಗೆಯೇ ನಿಂತಿರುತ್ತಾಳೆ.