ಚಾವಣಿಯಲ್ಲಿ ತಲೆಕೆಳಗಾದ ದೊರೆ

ನೆರೆಗಾಲ, ಮೂರನೆಯ ತಿಂಗಳು, ದಿನ ೪. ಬೆಳಿಗ್ಗೆ.

ಬಿಯರ್ ಇವತ್ತೂ ಹುಳಿ. ರೊಟ್ಟಿ ಹಂಚಿ ಮುಗಿಸುವಷ್ಟರಲ್ಲಿ ಕೂಗಿ ಕೂಗಿ ದನಿ ಬಿದ್ದುಹೋಯಿತು. ಕಲ್ಲೆಳೆಯುವವರದು ಎರಡು ತಂಡ — 'ದೊರೆಯ ಗೆಳೆಯರು', 'ದೊರೆಯ ಕುಡುಕರು'. ಹೆಸರು ಅವರವರೇ ಇಟ್ಟುಕೊಂಡದ್ದು. ಗೆಳೆಯರು ಕುಡಿಯುವಷ್ಟು ಕುಡುಕರೂ ಕುಡಿಯುವುದಿಲ್ಲ.

ನದಿ ಈ ಸಲ ಸರಿಯಾಗಿ ಏರಲಿಲ್ಲ. ಉತ್ತರದ ಹಳ್ಳಿಗಳ ಜವೆಗೋಧಿ ದೋಣಿ ಬಂದಿಲ್ಲ. ಉಗ್ರಾಣದ ತಳ ಕಾಣುತ್ತಿದೆ. ಪಿರಮಿಡ್ಡನ್ನು ಕಲ್ಲಿನಲ್ಲಿ ಕಟ್ಟುತ್ತಿದ್ದೇವೆ ಅಂತ ಜನ ತಿಳಿದಿದ್ದಾರೆ. ಉಗ್ರಾಣದ ಗುಮಾಸ್ತ ನನಗೆ ಗೊತ್ತು — ಇದು ರೊಟ್ಟಿಯ ಬೆಟ್ಟ. ಕಲ್ಲು ಬರೀ ಮೇಲ್ಹೊದಿಕೆ.

ತಂಗಿಯ ಗಂಡ ಬಂದಿದ್ದ. ಹೆಸರು ಕೈ. ಕುಡುಕರ ತಂಡದ ಬರಹಗಾರ. ಕಲ್ಲುಗಳ ಮೇಲೆ ಕೆಮ್ಮಣ್ಣಿನಲ್ಲಿ ತಂಡದ ಹೆಸರು ಬರೆಯುವವನು.

"ಭಾವ, ನಮ್ಮೋರಿಗೆ ಒಂದು ಕೊಡ ಜಾಸ್ತಿ ಹಾಕು. ಕುಡುಕರು ಅನ್ನೋ ಹೆಸರಿಗಾದ್ರೂ ಮರ್ಯಾದೆ ಬೇಡ್ವಾ?"

"ಕೈ ಚಾಚಬೇಡ, ಕೈ."

ಕೊಟ್ಟೆ ಅನ್ನಿ.

ದಿನ ೬.

ಕೆಟ್ಟ ದಿನ. ಹೊಸ ಮೇಲ್ವಿಚಾರಕ ಮೆರೆರಿ — ಮೆರೆಯುವುದು ಹೆಸರಲ್ಲೇ ಇದೆ — ತೀರಿಕೊಂಡ ಮೇಲೆ ದೊರೆಯನ್ನು ಮಲಗಿಸುವ ಕೋಣೆಯೊಳಗೆ ದೀಪ ಹಿಡಿದು ಹೋದ. ಚಾವಣಿಗೆ ಒಂಬತ್ತು ಕಲ್ಲು. ಎಂಟು ಗೆಳೆಯರವು, ಒಂದು ಕುಡುಕರದು. ಆ ಒಂದರಲ್ಲಿ ಬರಹ ತಲೆಕೆಳಗು. ಬರೆದದ್ದು ಗಣಿಯಲ್ಲಿ, ಕೂರಿಸುವಾಗ ಕಲ್ಲು ತಿರುಗಿದೆ. ತಂಡದ ಹೆಸರಿನಲ್ಲಿ ದೊರೆಯ ಹೆಸರಿದೆಯಲ್ಲ... ಅದೂ ತಲೆಕೆಳಗು.

"ಈ ಬೆಟ್ಟ ಯಾಕ್ರೋ ಕಟ್ತಿರೋದು?" ಎಲ್ಲರೆದುರು ಕೂಗಿದ. "ಪ್ರಭುಗಳು ಆಕಾಶಕ್ಕೆ ಹತ್ತಲಿ ಅಂತ! ನೀವು ತಲೆ ಕೆಳಗೆ ಮಾಡಿ ಪಾತಾಳಕ್ಕೆ ಕಳಿಸ್ತಿದೀರಿ!"

"ತೊಳೆದುಬಿಡೋಣ ಒಡೆಯಾ," ಎಂದ ಒಬ್ಬ ಮುದುಕ. ಪಕ್ಕದವನು ಅವನ ಬಾಯಿ ಮುಚ್ಚಿದ. ದೊರೆಯ ಹೆಸರು ಅಳಿಸಿದರೆ ದೊರೆಯನ್ನೇ ಅಳಿಸಿದ ಹಾಗೆ. ಅಳಿಸಿದರೆ ತಲೆದಂಡ, ಬಿಟ್ಟರೆ ಕೈದಂಡ. ಮೆರೆರಿಯ ತೀರ್ಪು: ಹತ್ತನೆಯ ದಿನ, ನಮ್ಮ ಹತ್ತು ದಿನದ ವಾರದ ಕೊನೆಗೆ, ಕೈಯ ಬಲಗೈ ಕತ್ತರಿಸುವುದು. ಕಲ್ಲು ಕಿತ್ತು ತಿರುಗಿಸುವುದು.

"ಒಂದು ಕಲ್ಲು ಕೀಳೋಕೆ ಎರಡೂ ತಂಡದ ಒಂದು ವಾರದ ರೊಟ್ಟಿ ಬೇಕು ಒಡೆಯಾ," ಎಂದೆ.

"ಕೊಡು. ಪ್ರಭುಗಳಿಗಿಂತ ರೊಟ್ಟಿ ದೊಡ್ಡದಾ?"

ದಿನ ೮.

ತಂಗಿ ಹೆನುತ್ ಬಂದಳು. ಕಣ್ಣು ಊದಿತ್ತು.

"ಬಿಯರ್ ಮನೇಲಿ ಅಷ್ಟು ಮಾತಾಡ್ತೀಯಲ್ಲ ಅಣ್ಣ. ನನ್ನ ಗಂಡನ ಕೈಗೆ ಒಂದು ಮಾತು ಇಲ್ವಾ?"

"ಯೋಚನೆ ಮಾಡ್ತಿದೀನಮ್ಮ."

"ಈರುಳ್ಳಿ ತಿನ್ಕೊಂಡು?"

"ಈರುಳ್ಳಿ ಇಲ್ದೆ ನಂಗೆ ಅಳು ಬರಲ್ಲ."

ಅವಳು ನಗಲಿಲ್ಲ. ನನ್ನ ನಾಲಿಗೆ ಕಿತ್ತು ಹದ್ದಿಗೆ ಹಾಕಬೇಕು.

ಅವಳು ಹೋದ ಮೇಲೆ ಕೋಣೆಗೆ ಹೋದೆ. ದೊರೆ ಮಲಗುವ ಹಾಗೆ ಉತ್ತರಕ್ಕೆ ತಲೆ ಹಾಕಿ ಅಂಗಾತ ಮಲಗಿದೆ. ಕಣ್ಣು ಬಿಟ್ಟೆ.

ಕೈ ಬರೆದ ಹೆಸರು ನೆಟ್ಟಗಿದೆ!

ದಿನ ೧೦.

"ತಾವು ಎಲ್ಲಿ ನಿಂತು ನೋಡಿದ್ರಿ ಒಡೆಯಾ?" ಎಂದು ಮೆರೆರಿಯನ್ನು ಕೇಳಿದೆ.

"ಪ್ರಭುಗಳ ಕಾಲ ಹತ್ರ. ತಲೆ ಕಡೆಗೆ ಮುಖ ಮಾಡಿ."

"ಪ್ರಭುಗಳಿಗೆ ಕಾಲಲ್ಲಿ ಕಣ್ಣಿಲ್ವಲ್ಲ. ಒಂದು ಸಲ ಮಲಗಿ ನೋಡಿ."

ಯಾರೋ ಕಿಸಕ್ಕೆಂದರು. ಕಟುಕ ಕತ್ತಿ ಹಿಡಿದೇ ಕಾದ. ಮೆರೆರಿ ಒಳಗೆ ಹೋದ, ಬೆನ್ನಿನ ಧೂಳು ಕೊಡವುತ್ತ ಹೊರಬಂದ. ನಗುತ್ತಿದ್ದ.

"ನಿಜ ಕಣಯ್ಯಾ. ಕೈಯ ಕಟ್ಟು ಬಿಚ್ಚಿ."

ಹೆನುತ್ ನೆಲಕ್ಕೆ ಕುಸಿದು ಅತ್ತಳು. ನಾನು ಉಬ್ಬಿದೆ. ಆಗ ಮೆರೆರಿ ಬಾಯಿ ತೆರೆದ —

"ಹಾಗಾದ್ರೆ ತಲೆಕೆಳಗಾಗಿರೋದು ಉಳಿದ ಎಂಟು. ಎಲ್ಲಾ ಕಿತ್ತು ತಿರುಗಿಸಿ. ಲೆಕ್ಕದವನೇ, ರೊಟ್ಟಿ ಸಾಲದಿದ್ರೆ ಅರ್ಧ ಮಾಡು."

ಗೆಳೆಯರ ಬರಹಗಾರ ಹೋದ ವರ್ಷವೇ ತೀರಿಕೊಂಡ. ಪುಣ್ಯವಂತ, ಎರಡೂ ಕೈ ಸಮೇತ ಹೋದ.

ಒಂದು ಕೈ ಬಿಡಿಸಿದೆ. ಸಾವಿರ ಬಾಯಿ ಕಟ್ಟಿದೆ.

ದಿನ ೨೩. ಮಧ್ಯಾಹ್ನ.

ಬರೆಯಲು ಮನಸ್ಸಿರಲಿಲ್ಲ. ಎರಡನೆಯ ಕಲ್ಲು ಇನ್ನೂ ಅಲುಗಿಲ್ಲ. ಅರ್ಧ ರೊಟ್ಟಿಗೆ ಯಾರು ಪೂರ್ತಿ ಹಗ್ಗ ಎಳೆಯುತ್ತಾರೆ? ನಿನ್ನೆ ಇಳಿಜಾರಿನಲ್ಲಿ ಇಬ್ಬರು ಬಿದ್ದರು. ಒಬ್ಬ ಏಳಲಿಲ್ಲ.

ರೊಟ್ಟಿಯ ಸಾಲಿಗೆ ಕೈ ಬಂದರೆ ಎಲ್ಲ ಬದಿಗೆ ಸರಿದು ದಾರಿ ಬಿಡುತ್ತಾರೆ. "ಬನ್ನಿ ಬನ್ನಿ, ನಿಮ್ಮ ಕೈ ನಮ್ಮ ರೊಟ್ಟಿ ತಿಂದೇ ದಪ್ಪ ಆಗಿರೋದು." ಇವತ್ತು ಅವನು ಬರಲೇ ಇಲ್ಲ. ಅವನ ಪಾಲು ಇಲ್ಲೇ ಒಣಗುತ್ತಿದೆ.

ಅದೇ ದಿನ. ಬಿಸಿಲು ಇಳಿಯುವ ಮುಂಚೆ.

ಹೆನುತ್ ಓಡಿ ಬಂದಿದ್ದಾಳೆ. ಕೈ ಮೆರೆರಿಯ ಹತ್ತಿರ ಹೋಗಿದ್ದಾನಂತೆ.

"ಏನು ಹೇಳೋಕೆ?"

"'ಬೆಟ್ಟ ಕಟ್ಟಿರೋದು ದೊರೆ ಮಲಗಿರೋಕಲ್ಲ, ಎದ್ದು ಹೊರಡೋಕೆ. ಎದ್ದರೆ ಉತ್ತರದ ನಕ್ಷತ್ರಗಳ ಕಡೆ ಮುಖ ಮಾಡ್ತಾರೆ. ಆಗ ಗೆಳೆಯರ ಎಂಟೂ ನೆಟ್ಟಗೆ, ನಂದೊಂದೇ ತಲೆಕೆಳಗು. ಅದೊಂದನ್ನ ಕಿತ್ತರೆ ಸಾಕು' ಅಂತ ಹೇಳ್ತಾರಂತೆ."

"ತಡೀಬೇಕಿತ್ತು!"

"ಕೈ ಹಿಡಿದೆ ಅಣ್ಣ. ಬಿಡಿಸ್ಕೊಂಡು ಹೋದ್ರು."

ಸರಿಯಾದ ವಾದ. ನನ್ನದಕ್ಕಿಂತ ಸರಿ. ಜನಕ್ಕೆ ರೊಟ್ಟಿ ಉಳಿಯುತ್ತದೆ. ಅವನ ಬಲಗೈ... ಆ ವಾದ ಮುರಿಯುವ ಮಾತೊಂದು ನನಗೆ ಹೊಳೆದೀತು, ಹೊಳೆಯದೆ ಇರದು. ಹೇಳಿದರೆ ನಾಳೆಯೂ ಅರ್ಧ ರೊಟ್ಟಿ, ಇಳಿಜಾರಿನಲ್ಲಿ ಇನ್ನೆಷ್ಟು ಜನವೋ. ಹೇಳದಿದ್ದರೆ ಇವಳ ಮುಖ ಹೇಗೆ ನೋಡಲಿ?

ನೀರು ಕುಡಿಯುತ್ತಿದ್ದಾಳೆ. ಅಷ್ಟರಲ್ಲಿ ಇಷ್ಟು ಗೀಚಿದೆ. ಬರೆದರೆ ಮಾತು ಸಿಗುತ್ತದೆ ಅನ್ನುವ ಚಟ.

"ಏಳು ಅಣ್ಣ, ಕತ್ತಿ ಮಸೀತಿದಾರೆ. ಬಂದು ಏನಾದ್ರೂ ಹೇಳು."

ಹೊರಟೆ. ಅಲ್ಲಿ ನಾನು ಹೇಳುವುದು —